ತಾಯಿಪದರ

ಅಂಜೂರ ಇವತ್ತು ಕೆಲಸ ಮಾಡುತ್ತಿಲ್ಲ ಎಂದು ಬೆಲ್ಮಿರೊಗೆ ಅನ್ನಿಸಿದ್ದು ಮೂರನೆಯ ಮರದ ಬುಡದಲ್ಲಿ. ಬೆಳಗಿನ ತಂಪು ಆಗಲೇ ಹಾರಿಹೋಗಿತ್ತು. ಬಲಭುಜ ಎಂದಿನಂತೆ ಒಳಗಿನಿಂದ ಕಚ್ಚುತ್ತಿತ್ತು. ಮರದ ಆಚೆ ಮಗ್ಗುಲಲ್ಲಿ ಕೊಡಲಿ ಬೀಸುತ್ತಿದ್ದ ಕುಸ್ತೋದಿಯೊ, ಅವನ ಹೆಂಡತಿಯ ಅಣ್ಣ, ಏಟಿಗೊಂದರಂತೆ ಮೂಗಿನಿಂದ ಹೊರಡಿಸುವ ಹುಂಕಾರ ಕಿವಿಗೆ ಮರಳಿನ ಹಾಗೆ ತಾಗುತ್ತಿತ್ತು. ತಾಗಬಾರದಿತ್ತು. ಇಷ್ಟು ಹೊತ್ತಿಗೆ ಆ ಹುಂಕಾರ, ಆ ನೋವು, ಬಿಸಿಲು, ಎಲ್ಲವೂ ಒಂದು ಮಾರು ಆಚೆಗೆ ಸರಿದು ಪಕ್ಕದ ಮನೆಯ ಸದ್ದುಗಳಂತೆ ಕೇಳಿಸಬೇಕಿತ್ತು. ನಸುಕಿನಲ್ಲಿ ಹಿತ್ತಿಲ ಮೆಟ್ಟಿಲ ಮೇಲೆ ಕೂತು ತಿಂದ ಒಣ ಅಂಜೂರದೊಳಗೆ ಚರಸ್ಸಿನ ಚೂರು ಎಂದಿನಷ್ಟೇ ಇತ್ತು, ಅರ್ಧ ಕಡಲೆಯಷ್ಟು. ವರ್ಷದ ಉಳಿದ ದಿನಗಳಲ್ಲಿ ಅದನ್ನು ತಂಬಾಕಿನಲ್ಲಿ ಸುತ್ತಿ ಸಂಜೆ ಸೇದುತ್ತಿದ್ದ. ಓಕ್ ಮರಗಳ ಮೈಯಿಂದ ಬಾಟಲಿ ಬಿರಡೆಯ ಬೆಂಡು ಸುಲಿಯುವ ಬೇಸಗೆಯಲ್ಲಿ ಮಾತ್ರ ಬೆಳಗ್ಗೆಯೂ ಬೇಕಾಗುತ್ತಿತ್ತು. ಹೊಗೆಯ ವಾಸನೆ ಮೇಸ್ತ್ರಿಯ ಮೂಗಿಗೆ ಬಿದ್ದರೆ ಕೆಲಸ ಹೋಗುತ್ತದೆಂದು ತಿನ್ನುತ್ತಿದ್ದ. ತಿಂದದ್ದು ನಿಧಾನವಾಗಿ ಏರುತ್ತದೆ, ಕಾಯಬೇಕು, ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಇವತ್ತು ಕಾಯುವ ತಾಳ್ಮೆ ಇರಲಿಲ್ಲ. ನಿನ್ನೆ ಊಟದ ತಟ್ಟೆ ಎತ್ತುತ್ತ ಹೆಂಡತಿ ಇದಲೀನಾ ಹೇಳಿದ್ದಳು, ಸಿಟ್ಟಿನಿಂದಲ್ಲ, ಉಪ್ಪು ಮುಗಿದಿದೆ ಅನ್ನುವ ಹಾಗೆ: "ಒಂದಿನ ನನ್ನ ಹತ್ರ ಜಗಳಾನಾದ್ರೂ ಆಡು ನೀನು." ಅವನು ನಕ್ಕಿದ್ದ. ಆ ನಗು ರಾತ್ರಿಯೆಲ್ಲ ಬಾಯಲ್ಲಿ ಉಳಿದುಕೊಂಡು ನಿದ್ದೆ ಬರಲಿಲ್ಲ. ಈಗ ಬಾಯಿ ಒರೆಸಿಕೊಳ್ಳುವವನಂತೆ ಮುಖ ತಿರುಗಿಸಿ, ನಾಳೆಗೆಂದು ಜೇಬಿನಲ್ಲಿ ಕಟ್ಟಿಟ್ಟುಕೊಂಡಿದ್ದ ಎರಡನೆಯ ಅಂಜೂರವನ್ನೂ ನುಂಗಿದ.

ಕುಡಿತವಲ್ಲ ಇದು, ಎಂದುಕೊಂಡ. ದಿನಕ್ಕೊಮ್ಮೆಯಾದರೂ ಹೀಗೆ ಅಂದುಕೊಳ್ಳುತ್ತಿದ್ದ. ಕುಡಿತ ಏನೆಂದು ಅವನಿಗೆ ಗೊತ್ತಿತ್ತು. ಅವನ ಅಪ್ಪ ಕುಡಿದು ಬಂದ ದಿನ ಮನೆಯ ಬೆಕ್ಕು ಕೂಡ ಒಲೆಯ ಹಿಂದೆ ಹೋಗಿ ಕೂರುತ್ತಿತ್ತು. ಅಮ್ಮನ ಎಡ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡದ್ದು, ಆ ಸೊಟ್ಟ ಕೈಯಲ್ಲೇ ಆಕೆ ರೊಟ್ಟಿಯ ಹಿಟ್ಟು ನಾದುತ್ತಿದ್ದದ್ದು, ನಾದುವಾಗ ಹಿಟ್ಟಿನ ಒಂದು ಮಗ್ಗುಲು ಮಾತ್ರ ಗಟ್ಟಿಯಾಗುತ್ತಿದ್ದದ್ದು. ವೈನಿನ ಹನಿ ಮುಟ್ಟುವುದಿಲ್ಲ ಎಂದು ಹದಿನೈದರಲ್ಲೇ ಶಪಥ ಮಾಡಿದ್ದ, ಇವತ್ತಿನವರೆಗೆ ಉಳಿಸಿಕೊಂಡಿದ್ದ. ಚರಸ್ಸು ಬಂದದ್ದು ಆಮೇಲೆ, ಸೆತೂಬಲ್ ಬಂದರಿನಲ್ಲಿ ಮೂಟೆ ಇಳಿಸುವ ಕೆಲಸಕ್ಕಿದ್ದಾಗ. ಸಮುದ್ರದಾಚೆ ಮೊರೊಕ್ಕೊದಿಂದ ದೋಣಿಗಳಲ್ಲಿ ಬರುತ್ತಿತ್ತು, ಓಕ್ ಮರದ ಕಾಯಿಯಷ್ಟು ಗಾತ್ರದ ಉಂಡೆಗಳು. ಒಂದು ಭಾನುವಾರ ಮರಳ ಮೇಲೆ ಕೂತು ನಾಲ್ಕು ಜನ ಸೇದಿದರು. ಒಬ್ಬ ತನ್ನ ಚಪ್ಪಲಿಯನ್ನು ಸಮುದ್ರಕ್ಕೆ ಎಸೆದು ಅದು ಹಿಂದಿರುಗಿ ಬರಲಿ ಎಂದು ಗಂಭೀರವಾಗಿ ಕಾದು ನಿಂತ. ಬೆಲ್ಮಿರೊ ಹೊಟ್ಟೆ ಹಿಡಿದುಕೊಂಡು ನಕ್ಕ. ಹಾಗೆ ನಗಬಲ್ಲೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಅವತ್ತು ಅಪ್ಪನ ಮುಖ ನೆನಪಿಗೆ ಬಂದಾಗ ಮೈಯಲ್ಲಿ ಬೆಂಕಿ ಏಳಲಿಲ್ಲ, ಅದು ಬರೀ ಒಂದು ಮುಖವಾಗಿತ್ತು, ಗಡ್ಡ ಬೋಳಿಸದ ಒಬ್ಬ ಬಡವನ ಮುಖ. ಇದು ಸುಳ್ಳಲ್ಲ. ಆ ಭಾನುವಾರ ಅವನಿಗೆ ಒಳ್ಳೆಯದೇ ಆಗಿತ್ತು. ಅದೇ ಭಾನುವಾರವನ್ನು ಮತ್ತೆ ಹುಡುಕುತ್ತ ಅವನು ಐವತ್ತು ದಾಟಿದ್ದ, ಅಷ್ಟೇ.

ಒಮ್ಮೆ ಪೊಲೀಸರು ರಸ್ತೆಯಲ್ಲಿ ತಡೆದು ಜೇಬಿನ ಉಂಡೆ ಹಿಡಿದಿದ್ದರು. ಅಷ್ಟು ಚೂರಿಗೆ ಅಲ್ಲಿ ಜೈಲಿಲ್ಲ, ಎವೊರಾ ಪಟ್ಟಣದ ಒಂದು ಕಚೇರಿಗೆ ಕರೆಸಿದರು. ಅಲ್ಲಿ ಕನ್ನಡಕದ ಹೆಂಗಸೊಬ್ಬಳು ನೀರು ಕೊಟ್ಟು, ಮೆಲುವಾಗಿ, ಇದರಿಂದ ನಿಮ್ಮ ಬದುಕಿಗೆ ತೊಂದರೆ ಆಗಿದೆಯೆ ಎಂದು ಕೇಳಿದಳು. ಇಲ್ಲ ಎಂದ. ಕೆಲಸ ತಪ್ಪಿದ್ದುಂಟೆ? ಇಲ್ಲ. ಹೆಂಡತಿಯನ್ನು ಹೊಡೆದದ್ದು? ಇಲ್ಲ, ಇಲ್ಲ. ಹತ್ತಕ್ಕೆ ಎಷ್ಟು ನೆಮ್ಮದಿಯಾಗಿದ್ದೀರಿ ಎಂದಾಗ ಎಂಟು ಎಂದ, ಏಳು ಎಂದರೆ ಇನ್ನೊಂದು ಪ್ರಶ್ನೆ ಬರುತ್ತದೆಂದು. ಆಕೆ ತಲೆಯಾಡಿಸಿ, ನಿಮ್ಮದು ಚಟವಲ್ಲ ಅನ್ನಿಸುತ್ತದೆ, ಹೋಗಿಬನ್ನಿ ಎಂದಳು. ಬಸ್ಸಿನಲ್ಲಿ ಊರಿಗೆ ಬರುವಾಗ ಚರ್ಚಿನಲ್ಲಿ ಪಾಪ ಒಪ್ಪಿಸಿ ಬಂದಷ್ಟು ಹಗುರಾಗಿದ್ದ. ಓದಿದವಳೇ ಹೇಳಿದಳಲ್ಲ. ಆದರೆ ಆಕೆ ಕೇಳದಿದ್ದ ಪ್ರಶ್ನೆಗಳೂ ಇದ್ದವು. ಅಮ್ಮ ಸತ್ತಾಗ ಅವನು ಎರಡು ಅಂಜೂರ ತಿಂದು ಹೆಣದ ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ. ಮುಂದೆ ನಡೆಯುತ್ತಿದ್ದವನ ಬೂಟಿನ ಹಿಮ್ಮಡಿಯಲ್ಲಿ ಅಂಟಿದ್ದ ಒಂದು ಒಣ ಎಲೆಯನ್ನೇ ನೋಡುತ್ತ ಸ್ಮಶಾನದವರೆಗೆ ಹೋದ. ಎಷ್ಟು ಗಟ್ಟಿ ಮನುಷ್ಯ ಎಂದು ಊರವರು ಹೊಗಳಿದರು. ಅಮ್ಮನಿಗಾಗಿ ಅಳಬೇಕಾದದ್ದು ಎಲ್ಲಿ ಹೋಯಿತು ಎಂದು ಆಮೇಲೆ ಹುಡುಕಿದರೆ ಆ ಎಲೆಯೊಂದೇ ಸಿಗುತ್ತಿತ್ತು. ಇದನ್ನು ಹತ್ತಕ್ಕೆ ಎಷ್ಟರಲ್ಲಿ ಸೇರಿಸುವುದು?

ಮೇಸ್ತ್ರಿ ಎವರಿಸ್ತೊ ಸೀಟಿ ಊದಿದ. ನಾಷ್ಟಾದ ಹೊತ್ತು. ನೆರಳಿಗೆ ಎಲ್ಲರೂ ಕೂತರು, ಕೊಡಲಿಯ ಗಂಡಸರು ಒಂದು ಕಡೆ, ಸುಲಿದ ಬೆಂಡಿನ ಹಲಗೆಗಳನ್ನು ಹೊತ್ತು ಟ್ರ್ಯಾಕ್ಟರಿಗೆ ಸೇರಿಸುವ ಹೆಂಗಸರು ಇನ್ನೊಂದು ಕಡೆ. ರೊಟ್ಟಿ, ಉಪ್ಪು ಹಾಕಿದ ಮೀನು, ಆಲಿವ್ ಕಾಯಿ. ವೈನಿನ ಜಾಡಿ ಕೈಯಿಂದ ಕೈಗೆ ಬಂತು. ಕುಸ್ತೋದಿಯೊ ತಲೆ ಹಿಂದಕ್ಕೆ ಚೆಲ್ಲಿ ಗಟಗಟ ಕುಡಿದು ಜಾಡಿಯನ್ನು ಬೆಲ್ಮಿರೊನ ಮೂಗಿನ ಮುಂದೆಯೇ ದಾಟಿಸಿ ಆಚೆಯವನಿಗೆ ಕೊಟ್ಟ. ದಿನವೂ ಹೀಗೆಯೇ.

"ಪಾದ್ರಿಗಳಿಗೆ ಕೊಡಬೇಡ ಕಣೋ, ಅವರದ್ದೇನಿದ್ರೂ ಪೂಜೆ ಹೊತ್ತಲ್ಲಿ ಮಾತ್ರ," ಎಂದಳು ಹೆಂಗಸರ ಕಡೆಯಿಂದ ದೆವೊಲಿಂದಾ. ವೈನ್ ಮುಟ್ಟದ ಬೆಲ್ಮಿರೊಗೆ ಊರಲ್ಲಿ ಪಾದ್ರಿ ಎಂದೇ ಹೆಸರು.

"ಏನ್ ಮಾಡೋದಮ್ಮ," ಎಂದ ಕುಸ್ತೋದಿಯೊ. "ತಂಗೀನ ಗಂಡಸಿಗೆ ಕೊಡೋಣ ಅಂತ ಹೊರಟ್ವಿ, ಸಂತ ಸಿಕ್ಕ. ಈಗ ಅವಳು ದಿನಾ ಮುಂದೆ ಮೇಣದಬತ್ತಿ ಹಚ್ಚಿಟ್ಟು ಊಟಕ್ಕೆ ಕರೀಬೇಕು."

ಎಲ್ಲರೂ ನಕ್ಕರು. ಬೆಲ್ಮಿರೊ ಕೂಡ ನಕ್ಕ. ಅವನಿಗೆ ಈ ಹೆಸರು ಒಳಗೊಳಗೆ ಇಷ್ಟವಾಗಿತ್ತು, ಇಷ್ಟವಾದದ್ದಕ್ಕೆ ನಾಚಿಕೆಯೂ ಇತ್ತು. ಕುಸ್ತೋದಿಯೊನ ಕಿವಿಯ ತುದಿ ಆಗಲೇ ಕೆಂಪೇರಿತ್ತು. ಅವನಿಗೆ ಅರವತ್ತು ಸಮೀಪಿಸಿತ್ತು, ಆ ಸೀಮೆಯ ಕೊಡಲಿಯವರಲ್ಲಿ ಅವನೇ ಹಿರಿಯ. ಕುಡಿಯುತ್ತಿದ್ದ, ಆದರೆ ಕುಡಿದದ್ದು ಕೈಗೆ ಇಳಿಯುತ್ತಿರಲಿಲ್ಲ, ನಾಲಗೆಯಲ್ಲೇ ಖರ್ಚಾಗಿ ಹೋಗುತ್ತಿತ್ತು. ಅವನಿಗೆ ತಂಗಿಯೊಬ್ಬಳೇ ಮನೆಮಂದಿ. ಭಾನುವಾರ ಅವಳ ಮನೆಗೆ ಊಟಕ್ಕೆ ಬಂದರೆ ಇದಲೀನಾ ಅವನ ಲೋಟಕ್ಕೆ ತಾನೇ ಸುರಿದು ಬಾಟಲಿಯನ್ನು ಬೀರುವಿಗೆ ಸೇರಿಸಿ ಬೀಗ ಹಾಕುವಳು. ಅವರ ಅಪ್ಪ ಹೊಟ್ಟೆಯೂದಿ ಸತ್ತಿದ್ದ. ಅಣ್ಣನೂ ಹಾಗೇ ಸಾಯುತ್ತಾನೆಂದು ಅವಳಿಗೆ ಭಯ. ಊಟದ ಜೊತೆ ಬಿಟ್ಟರೆ ಮುಟ್ಟುವುದಿಲ್ಲ ಎಂದು ಕುಸ್ತೋದಿಯೊ ಅವಳ ಕೈ ಹಿಡಿದು ಮಾತು ಕೊಟ್ಟಿದ್ದ. ಉಳಿಸಿಕೊಂಡೂ ಇದ್ದ. ಗಂಡನ ಹಿತ್ತಿಲ ಹೊಗೆಗೆ ಮಾತ್ರ ಅವಳು ಬೀಗ ಹಾಕಿರಲಿಲ್ಲ. ಮೊದಮೊದಲು ಕೇಳಿದ್ದಳು. ಹೊಡೆಯುತ್ತೀನಾ, ಬಯ್ಯುತ್ತೀನಾ, ಕೆಲಸ ಬಿಡುತ್ತೀನಾ ಎಂದು ಅವನು ಒಂದೊಂದಾಗಿ ಕೇಳಿದ್ದಕ್ಕೆ ಅವಳಲ್ಲಿ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ನಿನ್ನೆ.

ನಾಷ್ಟಾ ಮುಗಿಸಿ ಏಳುವಾಗ ನೆಲ ತುಸು ದೂರವಿದ್ದಂತೆ ಕಂಡಿತು. ಮುಂದಿನದು ದೊಡ್ಡ ಮರ. ಇಬ್ಬರು ತೋಳು ಚಾಚಿದರೂ ಬಳಸಲಾಗದ ಬುಡ, ಮೈಮೇಲೆ ಒಂಬತ್ತು ವರ್ಷದ ಹಿಂದೆ ಸುಲಿದಾಗ ಬಳಿದ ಬಿಳಿ ಅಂಕಿ. ಒಂದು ಮರಕ್ಕೆ ಇಬ್ಬರು, ಎದುರುಬದುರು ಮಗ್ಗುಲಿಗೆ ನಿಲ್ಲುವುದು ರೂಢಿ. ಇಬ್ಬರೂ ಮೇಲಿಂದ ಕೆಳಕ್ಕೆ ಒಂದೊಂದು ಸೀಳು ಬಿಡುತ್ತಾರೆ, ಕೊಡಲಿಯ ಅಲಗು ತಿರುಚಿ ಬೆಂಡನ್ನು ಮೀಟುತ್ತಾರೆ, ಅದು ಒದ್ದೆ ಬಟ್ಟೆ ಹರಿದಂಥ ಸದ್ದು ಮಾಡಿ ಬಿಟ್ಟುಕೊಳ್ಳುತ್ತದೆ. ಇದರಲ್ಲಿ ಬಲದ್ದೇನೂ ಇಲ್ಲ, ಎತ್ತಿಗೂ ಬಲ ಇದೆ. ಏಟನ್ನು ಎಲ್ಲಿ ನಿಲ್ಲಿಸಬೇಕು ಎಂಬುದೇ ಕಸುಬು. ಬೆಂಡಿನ ಕೆಳಗಿನ ಹಸಿ ಪದರಕ್ಕೆ ಅವರು ತಾಯಿ ಅನ್ನುತ್ತಾರೆ. ಅಲಗು ತಾಯಿಗೆ ತಾಗಬಾರದು. ತಾಯಿ ಇದ್ದರೆ ಒಂಬತ್ತು ವರ್ಷಕ್ಕೆ ಮತ್ತೆ ಬೆಂಡು ಬರುತ್ತದೆ, ತಾಯಿ ಕಡಿದಲ್ಲಿ ಮರ ಕಪ್ಪಾಗುತ್ತದೆ, ಹುಳ ಸೇರುತ್ತದೆ, ಆ ಗಾಯ ಹೊಡೆದವನ ಮೊಮ್ಮಗನ ಕಾಲಕ್ಕೂ ಕಾಣುತ್ತದೆ. ಚರಸ್ಸು ತನ್ನ ಕೈಯನ್ನು ಮೆದುಮಾಡಿದೆ, ತಾಯಿಯ ಉಸಿರು ತನಗೆ ಕೊಡಲಿಯ ಕಾವಿನಲ್ಲೇ ಗೊತ್ತಾಗುತ್ತದೆ ಎಂದು ಬೆಲ್ಮಿರೊ ನಂಬಿದ್ದ. ಸೇದುವವರೆಲ್ಲ ಹೀಗೆ ಏನಾದರೊಂದು ನಂಬಿಕೊಂಡಿರುತ್ತಾರೆ.

ಮೊದಲ ಅಂಜೂರ ಆಗ ಬಂತು. ಅದರ ಬೆನ್ನಿಗೇ, ಅದನ್ನು ತಳ್ಳಿಕೊಂಡು, ಎರಡನೆಯದೂ. ಭುಜದ ನೋವು ಕಳಚಿ ಪಕ್ಕದಲ್ಲಿ ನಿಂತುಕೊಂಡಿತು. ಕುಸ್ತೋದಿಯೊನ ಹುಂಕಾರ ದೂರ ಹೋಯಿತು, ಮಧುರವಾಯಿತು, ಹಿಟ್ಟು ನಾದುವಾಗ ಅಮ್ಮ ಬಿಡುತ್ತಿದ್ದ ಉಸಿರಿನಂತಾಯಿತು. ಬೆಂಡಿನ ಬಿರುಕುಗಳಲ್ಲಿ ಇರುವೆಗಳು ಹೋಗುತ್ತಿದ್ದವು, ಪ್ರತಿ ಇರುವೆಗೂ ತಾನು ಎಲ್ಲಿ ಹೋಗಬೇಕೆಂದು ಗೊತ್ತಿತ್ತು. ಅದು ಎಷ್ಟು ದೊಡ್ಡ ವಿಷಯ ಅನ್ನಿಸಿ ಅವನಿಗೆ ಕಣ್ಣು ತುಂಬಿಬಂತು. ಹಿಟ್ಟಿನ ಒಂದು ಮಗ್ಗುಲು ಗಟ್ಟಿ, ಒಂದು ಮಗ್ಗುಲು ಮೆದು. ಅಮ್ಮಾ, ಈ ಕಡೆ ನಾನು ನಾದುತ್ತೇನೆ ಎಂದು ಅವನು ಒಮ್ಮೆಯೂ ಹೇಳಿರಲಿಲ್ಲ. ಕೊಡಲಿ ಎತ್ತಿದ. ಎತ್ತಿದ್ದು ನೆನಪಿತ್ತು. ಏಟು ಇಳಿಯುತ್ತಿರುವಾಗ ಅದನ್ನು ಹಿಡಿದು ನಿಲ್ಲಿಸುವ ಕ್ಷಣ ಇನ್ನೂ ಬಹಳ ದೂರದಲ್ಲಿದೆ, ಬೇಕಾದಷ್ಟು ಹೊತ್ತಿದೆ, ನಡುವೆ ಕೂತು ಒಂದು ರೊಟ್ಟಿ ತಿನ್ನಬಹುದು ಅನ್ನಿಸಿತು. ಆಮೇಲೆ ಸದ್ದು ಬಂತು. ಟೊಳ್ಳು ಸದ್ದಲ್ಲ. ಹಸಿ ಎಲುಬಿನ ಸದ್ದು. ಆಚೆ ಮಗ್ಗುಲಿನ ಹುಂಕಾರ ನಿಂತಿತು. ಅವನು ಗಾಬರಿಯಲ್ಲಿ ಅಲಗನ್ನು ತಿರುಚಿ ಕಿತ್ತ, ಕೀಳಬಾರದಿತ್ತು, ಬೆಂಡಿನ ಹಲಗೆ ತಾಯಿಯನ್ನೂ ಅಂಟಿಸಿಕೊಂಡು ಕಳಚಿ ಬಿತ್ತು. ಮೊಳದುದ್ದ, ಎರಡಂಗೈ ಅಗಲ, ಬಿಳಿ ಮರ ಬತ್ತಲೆ ಕಂಡಿತು. ಅಂಚಿನಿಂದ ನೀರು ಜಿನುಗುತ್ತಿತ್ತು.

ಕುಸ್ತೋದಿಯೊ ಮರ ಬಳಸಿ ಬಂದು ನೋಡಿದ. ಕೈಯಿಟ್ಟು ಜಿನುಗುವ ಅಂಚನ್ನು ಒತ್ತಿ ಹಿಡಿದ, ರಕ್ತ ನಿಲ್ಲಿಸುವವನಂತೆ. ಹಾಗೆ ಅವನು ಕೈಯಿಟ್ಟು ನಿಂತಿರುವಾಗಲೇ ಎವರಿಸ್ತೊ ಬಂದ.

"ಯಾರದಿದು?" ಎಂದ.

ನಾನೇ, ಎಂದು ಬೆಲ್ಮಿರೊ ಹೇಳಿದ. ಹೇಳಿದ್ದು ತನಗೆ ಚೆನ್ನಾಗಿ ಕೇಳಿಸಿತು. ದನಿ ಸ್ಥಿರವಾಗಿತ್ತು, ತಪ್ಪೊಪ್ಪಿಕೊಳ್ಳುವವನ ದನಿಯಲ್ಲಿ ಇರಬೇಕಾದ ಮರ್ಯಾದೆ ಇತ್ತು. ಹೇಳಿ ಮುಗಿಸಿದ ಸಮಾಧಾನದಲ್ಲಿ ಅವನು ಕೊಂಬೆಗಳತ್ತ ನೋಡಿದ. ಆದರೆ ಮೇಸ್ತ್ರಿ ಬೆಲ್ಮಿರೊನ ಕಡೆ ತಿರುಗಲೇ ಇಲ್ಲ. ಕುಸ್ತೋದಿಯೊ ಮಾತ್ರ ಅವನ ಬಾಯಿಯನ್ನೇ ನೋಡುತ್ತಿದ್ದ, ಬಸ್ಸಿಗೆ ಕಾಯುವವನು ರಸ್ತೆಯ ತಿರುವನ್ನು ನೋಡುವಂತೆ. ಆ ನೋಟದಿಂದ ಬೆಲ್ಮಿರೊಗೆ ನಿಧಾನವಾಗಿ ಹೊಳೆಯಿತು, ಬಾಯಿಂದ ಏನೂ ಹೊರಟಿಲ್ಲ. ಹೇಳಿದ್ದು ಒಳಗೆ. ಈಗ ಹೊರಗೆ ಹೇಳಬೇಕು. ತುಟಿ ಬಿಡಿಸುವುದು ದೊಡ್ಡ ಬಾಗಿಲಿನ ಅಗುಳಿ ತೆಗೆದಂತೆ, ಯಾವ ಕಡೆ ಸರಿಸುವುದೆಂದು ಹುಡುಕುತ್ತಿದ್ದ. ಅಷ್ಟರಲ್ಲಿ ಎವರಿಸ್ತೊ ಕುಸ್ತೋದಿಯೊನ ಮುಖದ ಹತ್ತಿರ ಮೂಗು ತಂದು ಮೂಸಿದ.

"ಎಷ್ಟು ಕುಡಿದೆ?"

"ದಿನಾ ಕುಡಿಯೋವಷ್ಟು."

"ದಿನಾ ಕುಡಿಯೋವಷ್ಟಂತೆ. ನಿನ್ನ ಮೈ ದಿನಾ ಒಂದೇ ಇರತ್ತೇನಯ್ಯ? ನಮ್ಮಪ್ಪ ಸುಲಿದ ಮರ ಇದು. ನಾಳೆ ಧಣಿ ಬಂದು ನೋಡ್ದಾಗ ಏನ್ ಹೇಳ್ಲಿ, ವೈನ್ ಬಿಸಿಯಾಗಿತ್ತು ಅನ್ಲಾ?"

ಕುಸ್ತೋದಿಯೊ ಇನ್ನೂ ಬೆಲ್ಮಿರೊನನ್ನೇ ನೋಡುತ್ತಿದ್ದ. ಆ ಹೊತ್ತು ಎಷ್ಟಿತ್ತೋ. ಒಂದು ಉಸಿರು ಇರಬಹುದು, ಒಂದು ಇಡೀ ಮಧ್ಯಾಹ್ನ ಇರಬಹುದು. ಆಮೇಲೆ ಮುದುಕ ಕಣ್ಣು ಕೆಳಗಿಳಿಸಿದ. ಕೊಡಲಿಯನ್ನು ತಾನಾಗಿ ಮರಕ್ಕೆ ಒರಗಿಸಿದ. ಒಬ್ಬನ ಕೊಡಲಿಯನ್ನು ಇನ್ನೊಬ್ಬ ಮುಟ್ಟುವ ರೂಢಿ ಅವರಲ್ಲಿ ಇಲ್ಲ. ಕಾವು ಅವನವನ ಕೈಗೆ ಸವೆದಿರುತ್ತದೆ, ಕೆಲವರು ಅದನ್ನು ಮಂಚದಡಿಯಲ್ಲಿಟ್ಟು ಮಲಗುತ್ತಾರೆ. ಮೇಸ್ತ್ರಿ ಒಬ್ಬನಿಗೆ ಸುಲಿಯುವ ಕೆಲಸ ಬಿಡಿಸಿ ಅವನನ್ನು ಮರದಿಂದ ಇಳಿಸಿದ ದಿನ ಮಾತ್ರ ಅವನ ಕೊಡಲಿಯನ್ನು ಎತ್ತಿ ಅವನ ಜೊತೆಗಾರನ ಕೈಗೆ ಕೊಡುತ್ತಾನೆ, ಜೊತೆಗಾರ ಅದನ್ನು ಅವನ ಮನೆಮಂದಿಗೆ ತಲುಪಿಸುತ್ತಾನೆ. ಅಲ್ಲಿಗೆ ಅವನ ಕಸುಬು ಮುಗಿಯಿತು. ಎವರಿಸ್ತೊ ಕೊಡಲಿ ಎತ್ತಿ ಬೆಲ್ಮಿರೊಗೆ ಚಾಚಿದ. ಬೆಲ್ಮಿರೊನ ಕೈ ಮುಂದೆ ಬಂದು ಅದನ್ನು ತೆಗೆದುಕೊಂಡಿತು. ಬಾಯಿ ಒಪ್ಪದ್ದನ್ನು ಕೈ ಎಷ್ಟು ಬೇಗ ಒಪ್ಪಿತು. ಕುಸ್ತೋದಿಯೊ ಹೆಂಗಸರ ಕಡೆ ನಡೆದು ಹೋಗಿ ನೆಲದ ಮೇಲಿನ ಬೆಂಡಿನ ಹಲಗೆಯೊಂದನ್ನು ಹೆಗಲಿಗೇರಿಸಿದ. ದೆವೊಲಿಂದಾ ಸರಿದು ಅವನಿಗೆ ದಾರಿ ಬಿಟ್ಟಳು.

ಊಟದ ಹೊತ್ತಿನವರೆಗೆ ಬೆಲ್ಮಿರೊ ಬೇರೊಬ್ಬನ ಜೊತೆ ಎರಡು ಮರ ಸುಲಿದ. ಏಟು ಹೇಗೆ ಬಿದ್ದವೋ, ತಪ್ಪಲಿಲ್ಲ. ಅಮಲು ಇಳಿಯತೊಡಗಿದಂತೆ ಬೆವರು ತಣ್ಣಗಾಯಿತು, ಬೆವರಿನ ಜೊತೆ ಒಂದು ಪ್ರಶ್ನೆಯೂ ಮೈಗೆ ಅಂಟಿಕೊಂಡಿತು. ಮಾತು ಹೊರಡದಂತೆ ಹಿಡಿದದ್ದು ಯಾರು? ಅಂಜೂರವೇ ಆಗಿದ್ದರೆ ಕ್ಷಮೆ ಇದೆ, ಮಾಂಸಕ್ಕೆ ಸೇರಿದ ವಿಷದ ಮೇಲೆ ಮನುಷ್ಯನ ಆಳ್ವಿಕೆ ಇಲ್ಲ. ಅಪ್ಪನೂ ಇದನ್ನೇ ಹೇಳುತ್ತಿದ್ದ, ಮಾರನೆಯ ಬೆಳಗ್ಗೆ, ಅಮ್ಮನ ಕೈಗೆ ಬಟ್ಟೆ ಸುತ್ತುತ್ತ: ನಾನಲ್ಲ ಕಣೇ, ಒಳಗಿದ್ದದ್ದು. ಬೆಲ್ಮಿರೊ ಥೂ ಎಂದು ಉಗಿದ. ಪಕ್ಕದವನು ಏನಾಯ್ತು ಎಂದು ಕೇಳಿದ. ಬಾಯಲ್ಲಿ ಧೂಳು ಎಂದ. ದೂರದಲ್ಲಿ ಕುಸ್ತೋದಿಯೊ ಹಲಗೆ ಹೊತ್ತು ಹೋಗುವುದು ಕಾಣುತ್ತಿತ್ತು. ಅವನ ಮೈ ಆ ಕೆಲಸಕ್ಕೆ ಒಗ್ಗಿರಲಿಲ್ಲ. ಹೆಂಗಸರು ತಲೆಯ ಮೇಲೆ ಸಲೀಸಾಗಿ ಒಯ್ಯುವುದನ್ನು ಅವನು ಕುತ್ತಿಗೆ ಓರೆಮಾಡಿ, ಎರಡು ಕಡೆ ನಿಂತು, ಟ್ರ್ಯಾಕ್ಟರಿನವನ ಬೈಗುಳ ತಿಂದು ಒಯ್ಯುತ್ತಿದ್ದ. ಒಮ್ಮೆ ಹಲಗೆ ಜಾರಿ ಬಿದ್ದಾಗ ದೆವೊಲಿಂದಾ ಬಂದು ಎತ್ತಿಕೊಟ್ಟಳು. ಅವನು ಅವಳಿಗೆ ಥ್ಯಾಂಕ್ಸ್ ಹೇಳಿದ. ಕುಸ್ತೋದಿಯೊ ಯಾರಿಗಾದರೂ ಥ್ಯಾಂಕ್ಸ್ ಹೇಳಿದ್ದನ್ನು ಬೆಲ್ಮಿರೊ ಅದುವರೆಗೆ ಕೇಳಿರಲಿಲ್ಲ.

ಊಟಕ್ಕೆ ಬಿಟ್ಟಾಗ ಅವನು ನೇರ ಎವರಿಸ್ತೊನ ಹತ್ತಿರ ಹೋದ. ಮೇಸ್ತ್ರಿ ಒಬ್ಬನೇ ಕೂತು ಬೆಳ್ಳುಳ್ಳಿ ಕೊತ್ತಂಬರಿಯ ಸಾರಿಗೆ ರೊಟ್ಟಿ ಮುರಿದು ಹಾಕುತ್ತಿದ್ದ. ತುಸು ದೂರದಲ್ಲಿ, ಬೆಂಡಿನ ರಾಶಿಯ ಆಚೆ, ಕುಸ್ತೋದಿಯೊನ ಟೊಪ್ಪಿ ಕಾಣುತ್ತಿತ್ತು.

"ಎವರಿಸ್ತೊ, ಆ ಏಟು ನಂದು."

ಈ ಸಲ ಮಾತು ಹೊರಬಂದಿತ್ತು. ಮೇಸ್ತ್ರಿ ಅಗಿಯುತ್ತ ತಲೆಯಾಡಿಸಿದ.

"ಬರ್ತೀಯ ಅಂತ ಗೊತ್ತಿತ್ತು. ಊಟ ಮುಗಿಸಿ ಬರ್ತೀಯ ಅಂದ್ಕೊಂಡಿದ್ದೆ."

"ಅಂದ್ರೆ?"

"ಇನ್ನೇನು, ಹೆಂಡತಿ ಅಣ್ಣ. ಮನೆಗೆ ಹೋಗಿ ಅವಳ ಮುಖ ನೋಡ್ಬೇಕು ನೀನು. ಒಳ್ಳೇವನು ಮಾರಾಯ ನೀನು, ನಾನೇನು ಇಲ್ಲ ಅನ್ನಲ್ಲ. ಆದ್ರೆ ಕುಡುಕರನ್ನ ಕಾಪಾಡಿ ಕಾಪಾಡಿ ಈ ಮರಗಳು ಹಾಳಾದ್ವು."

"ನಾನು ಸುಳ್ಳು ಹೇಳ್ತಿಲ್ಲ. ನನ್ನ ಕೈ ಹಿಡಿತದಲ್ಲಿರಲಿಲ್ಲ. ನಾನು ತಿಂದಿದ್ದೆ."

ಮೇಸ್ತ್ರಿ ಅಗಿಯುವುದನ್ನು ನಿಲ್ಲಿಸಿದ. "ಏನ್ ತಿಂದಿದ್ದೆ?"

ಬೆಲ್ಮಿರೊನ ಕೈ ಜೇಬಿನಲ್ಲಿತ್ತು. ಬೆರಳಿಗೆ ಬೆಳ್ಳಿಹಾಳೆಯ ಸುತ್ತು ಸಿಕ್ಕಿತು, ಒಳಗೆ ವಾರಕ್ಕಾಗುವಷ್ಟು ಉಂಡೆ, ಮೈಯ ಬಿಸಿಗೆ ಮೆತ್ತಗಾಗಿತ್ತು. ಅದನ್ನು ತೆಗೆದು ಸಾರಿನ ಬಟ್ಟಲಿನ ಪಕ್ಕ ಇಟ್ಟರೆ ಮುಗಿಯಿತು. ಇನ್ನೊಂದು ಮಾತು ಬೇಕಿಲ್ಲ. ಕುಡಿದವನನ್ನು ಊರು ಬಯ್ಯುತ್ತದೆ, ಎರಡು ವರ್ಷಕ್ಕೆ ಮರೆಯುತ್ತದೆ. ಇದನ್ನು ತಿಂದು ಕೊಡಲಿ ಹಿಡಿದವನನ್ನು ಈ ಸೀಮೆಯಲ್ಲಿ ಇನ್ನು ಯಾರೂ ಮರದ ಹತ್ತಿರ ಬಿಡುವುದಿಲ್ಲ. ಬೆರಳು ಉಂಡೆಯನ್ನು ಒತ್ತಿತು, ಅದು ಒತ್ತಿದ ಕಡೆ ತಗ್ಗಾಯಿತು.

"ಅಂಜೂರ," ಎಂದ.

ಮೇಸ್ತ್ರಿ ನಕ್ಕ. ಸಾರು ನೆತ್ತಿಗೇರಿ ಕೆಮ್ಮಿದ, ಕಣ್ಣೊರೆಸಿಕೊಂಡ. "ಹೋಗಯ್ಯ ಹೋಗು. ಅಂಜೂರ ತಿಂದು ಮರ ಕಡಿದವನು ನೀನೊಬ್ಬನೇ. ನಿಮ್ಮಪ್ಪನ ಹೊಟ್ಟೇಲಿ ನೀನು ಹೇಗೆ ಹುಟ್ಟಿದೆಯೋ."

ಹಿಂದಿರುಗಿ ನಡೆಯುವಾಗ ಬೆಲ್ಮಿರೊನ ಕಾಲು ಹಗುರಾಗಿದ್ದವು. ಹೇಳಿದ್ದಾಯಿತು. ನಂಬದಿದ್ದರೆ ಅವನ ಕರ್ಮ. ಈ ಹಗುರ ಅಮಲಿನದಲ್ಲ ಎಂದು ತಿಳಿದಾಗ ಅವನು ಬಿಸಿಲಿನ ನಡುವೆ ನಿಂತುಬಿಟ್ಟ. ಅಮಲು ಇಳಿದಿತ್ತು, ನಾಲಗೆ ಒಣಗಿತ್ತು, ತಲೆ ಖಾಲಿ ಕೊಡದಂತಿತ್ತು. ಎಷ್ಟೋ ವರ್ಷಗಳ ಮೇಲೆ ಯಾವ ಬೆರಕೆಯೂ ಇಲ್ಲದೆ ಅವನಿಗೆ ಅವನದೇ ಆದ ಒಂದು ಸುಖ ಸಿಕ್ಕಿತ್ತು, ಅದು ತಪ್ಪಿಸಿಕೊಂಡವನ ಸುಖ. ಬೆಂಡಿನ ರಾಶಿಯ ಆಚೆಗೆ ಹೋದ. ಕುಸ್ತೋದಿಯೊ ಹೆಗಲ ಮೇಲಿನ ತರಚನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದ. ಜಾಡಿ ಬದಿಯಲ್ಲಿತ್ತು, ಬಿರಡೆ ತೆಗೆದಿರಲಿಲ್ಲ.

"ಹೇಳಿದೆ ಭಾವ. ಅವನು ನಂಬಲಿಲ್ಲ."

"ಕೇಳಿಸ್ತು." ಕುಸ್ತೋದಿಯೊ ತಲೆ ಎತ್ತಲಿಲ್ಲ. "ನಂಬದ ಹಾಗೆ ಹೇಳಿದೆ."

ಹೆಂಗಸರ ಕಡೆ ಯಾರೋ ಹಾಡಿನ ಒಂದು ಸಾಲು ಎತ್ತಿ ಬಿಟ್ಟರು.

"ನಿನ್ನ ಕೊಡಲಿ ಸದ್ದು ಬದಲಾಗಿದ್ದು ನಂಗೆ ಹೋದ ವರ್ಷಾನೇ ಗೊತ್ತಾಯ್ತು," ಎಂದ ಕುಸ್ತೋದಿಯೊ. "ಭುಜದ ನೋವು ಅಂದ್ಕೊಂಡೆ. ಇವತ್ತು ನಿನ್ನ ಕಣ್ಣು ನೋಡ್ದೆ. ಇರ್ಲಿ. ಅರವತ್ತಾಯ್ತು, ಇವತ್ತಲ್ಲದಿದ್ರೆ ಮುಂದಿನ ವರ್ಷ ಇಳಿಸ್ತಿದ್ರು. ಊರು ಕುಡುಕ ಅಂತು, ಅನ್ಲಿ, ಕುಡೀತೀನಲ್ಲ. ನಂದು ಒಂದೇ ಮಾತು. ಇದಲೀನಾಗೆ ಹೇಳು. ನಾನು ಹೇಳಿದ್ರೆ ಕುಡುಕನ ನೆಪ ಆಗತ್ತೆ. ನೀನು ಹೇಳು. ಅವಳೊಬ್ಬಳಿಗೆ ಗೊತ್ತಿದ್ರೆ ಸಾಕು, ಅಣ್ಣ ಮಾತು ಉಳಿಸ್ಕೊಂಡಿದಾನೆ ಅಂತ."

"ಹೇಳ್ತೀನಿ."

"ಇವತ್ತೇ."

"ಇವತ್ತೇ ಭಾವ. ಹೋದ ತಕ್ಷಣ."

ಕೆಲಸ ಬಿಟ್ಟು ಟ್ರ್ಯಾಕ್ಟರಿನ ಹಿಂದೆ ಎಲ್ಲರೂ ಹತ್ತಿದಾಗ ಬೆಲ್ಮಿರೊಗೆ ಮುಂದಿನ ಹಲಗೆಯ ಮೇಲೆ ಜಾಗ ಮಾಡಿಕೊಟ್ಟರು. ಅವನು ಮೇಸ್ತ್ರಿಯ ಹತ್ತಿರ ಹೋಗಿ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳಲು ನೋಡಿದ ಸುದ್ದಿ ಆಗಲೇ ಎಲ್ಲರಿಗೂ ತಲುಪಿತ್ತು. ಯಾರೂ ಪಾದ್ರಿ ಎಂದು ಚೇಷ್ಟೆ ಮಾಡಲಿಲ್ಲ, ಒಬ್ಬ ಅವನ ತೊಡೆ ತಟ್ಟಿದ. ಎರಡು ಕೊಡಲಿಗಳನ್ನು ಮೊಣಕಾಲುಗಳ ನಡುವೆ ಹಿಡಿದು ಕೂತ. ಕುಸ್ತೋದಿಯೊನದರ ಕಾವು ಅವನ ಕೈಗೆ ಹೊಂದುತ್ತಿರಲಿಲ್ಲ, ಬೇರೆಯವರ ಬೂಟಿನೊಳಗೆ ಕಾಲಿಟ್ಟಂತೆ ಬೇಡದ ಕಡೆಯೆಲ್ಲ ತಗ್ಗು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಜೋಡಿಸಿಕೊಂಡ. ಇದಲೀನಾ, ಕೇಳು. ಅಣ್ಣನದು ತಪ್ಪಿಲ್ಲ. ಇಷ್ಟೇ. ಇದಕ್ಕಿಂತ ಸಣ್ಣ ಮಾತು ಇಲ್ಲ. ಅವಳು ನಂಬುತ್ತಾಳೆ, ನಂಬದೆ ಇರುವ ಯಾವ ದಾರಿಯೂ ಅವಳಿಗಿಲ್ಲ, ಅಂಜೂರದೊಳಗೆ ಏನಿರುತ್ತದೆಂದು ಗೊತ್ತಿರುವವಳು ಲೋಕದಲ್ಲಿ ಅವಳೊಬ್ಬಳೇ. ಚರ್ಚಿನ ತಿರುವಿನಲ್ಲಿ ಕುಸ್ತೋದಿಯೊ ಇಳಿದ. ಕೊಡಲಿಯತ್ತ ನೋಡಲಿಲ್ಲ. ಖಾಲಿ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಯ ನೆರಳಿನಲ್ಲಿ ನಡೆದುಹೋದ.

ಇದಲೀನಾ ಬಾಗಿಲ ಮುಂದೆ ಬಟ್ಟೆ ಒಣಗಿಸುತ್ತಿದ್ದಳು. ಮೊದಲು ಗಂಡನನ್ನು ನೋಡಿದಳು, ಆಮೇಲೆ ಎರಡು ಕೊಡಲಿಗಳನ್ನು. ಸುಲಿಯುವವರ ಮನೆಯಲ್ಲಿ ಹುಟ್ಟಿದವಳಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೈಯಲ್ಲಿದ್ದ ಒದ್ದೆ ಅಂಗಿ ಹಾಗೇ ನೆಲಕ್ಕೆ ನೀರು ತೊಟ್ಟಿಕ್ಕಿಸುತ್ತಿತ್ತು.

"ಅಣ್ಣಂದಲ್ವಾ ಅದು?"

"ದೊಡ್ಡ ಮರಕ್ಕೆ ಏಟು ಬಿತ್ತು. ತಾಯಿಗೆ."

ಅವಳು ಹತ್ತಿರ ಬಂದು ಅವನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದ್ದು ಒರಟಾಗಿಯೇ. ಕಣ್ಣುಗಳನ್ನು ಒಂದಾದ ಮೇಲೊಂದು ನೋಡಿದಳು. ಅವನು ರೆಪ್ಪೆ ಬಡಿಯದೆ ನಿಂತ. ಅವಳು ಏನು ಹುಡುಕುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಸಿಕ್ಕಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಾಳೆಂಬುದೂ ಆ ಬೆರಳುಗಳ ಬಿಗಿಯಲ್ಲಿ ಗೊತ್ತಾಗುತ್ತಿತ್ತು. ಆದರೆ ಅವನ ಕಣ್ಣು ತಿಳಿಯಾಗಿದ್ದವು. ಬೆವರು, ಹೆದರಿಕೆ, ದಿನದ ಬಿಸಿಲು ಸೇರಿ ಅವನ್ನು ತೊಳೆದುಬಿಟ್ಟಿದ್ದವು.

"ಇವತ್ತು ತಿಂದಿಲ್ಲ ನೀನು," ಎಂದಳು. ಬೆರಳು ಸಡಿಲಾದವು. "ಹಾಗಾದ್ರೆ ಅವನೇನಾ?"

ಮಾತು ನಾಲಗೆಯ ತುದಿಯಲ್ಲೇ ಇತ್ತು. ತುಟಿ ಭಾರವಿರಲಿಲ್ಲ, ಹೊತ್ತು ಎಳೆದುಕೊಂಡು ಹೋಗುತ್ತಿರಲಿಲ್ಲ, ಎಲ್ಲವೂ ಇದ್ದಲ್ಲಿ ಇದ್ದ ಗಾತ್ರದಲ್ಲಿತ್ತು. ಬೀದಿಯ ಆ ಕೊನೆಯಲ್ಲಿ ಯಾರೋ ಬಕೆಟ್ಟು ಇಟ್ಟ ಸದ್ದು ಕೂಡ ಸ್ಪಷ್ಟವಾಗಿ ಕೇಳಿಸಿತು.

"ನಾಷ್ಟಾದಲ್ಲಿ ಸ್ವಲ್ಪ ಜಾಸ್ತಿ ಕುಡಿದಿದ್ದ," ಎಂದ ಬೆಲ್ಮಿರೊ. "ನಾನು ಮೇಸ್ತ್ರಿಗೆ ಹೇಳಿ ನೋಡ್ದೆ. ಕೇಳಲಿಲ್ಲ ಅವನು."

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. ಮಾತು ಕೊಟ್ಟಿದ್ದ ನಂಗೆ, ಎಂದಳು. ಆಮೇಲೆ ಅವನತ್ತ ಬಂದು, ಬೆವರಿನ ಅಂಗಿಯ ಮೇಲೆಯೇ, ಅವನ ಎದೆಗೆ ಹಣೆಯಿಟ್ಟಳು. ಎಷ್ಟು ಕಾಲವಾಗಿತ್ತೋ ಅವಳು ಹೀಗೆ ಬಂದು. ಬೆಲ್ಮಿರೊ ಎರಡೂ ಕೊಡಲಿಗಳನ್ನು ಒಂದೇ ಕೈಗೆ ಬದಲಾಯಿಸಿಕೊಂಡು ಇನ್ನೊಂದು ಕೈಯನ್ನು ಅವಳ ಬೆನ್ನ ಮೇಲೆ ಇಟ್ಟ. ಅವಳ ಕೂದಲಿನಲ್ಲಿ ಸಾಬೂನಿನ ವಾಸನೆಯಿತ್ತು. ಅವನಿಗೆ ಹಿತವಾಗಿತ್ತು.